ಬೆನ್ನು ತೋರಿಸುವ ಕಸುಬು

ಪತ್ರಿಕೆಯಲ್ಲಿ ಅಪ್ಪನದು ಒಂದೇ ಫೋಟೊ, ಅದೂ ಬೆನ್ನು:
ಇಪ್ಪತ್ತೇಳರ ಅಂಕಿ, ಗೋಡೆಯತ್ತ ಓಟ,
ಚೆಂಡು ಇನ್ನೂ ಚೌಕಟ್ಟಿನಾಚೆ ಎಲ್ಲೋ.
ಹಿಡಿದನೋ ಬಿಟ್ಟನೋ, ಕೆಳಗಿನ ಸಾಲು ಹರಿದುಹೋಗಿದೆ.

ತಾತ ಕಲ್ಲಿದ್ದಲ ಗಣಿಯವನು, ಹೇಳುತ್ತಿದ್ದನಂತೆ:
"ವ್ರೋನಾ ಮನೆತನದವರು ಯಾರಿಗೂ ಬೆನ್ನು ತೋರಿಸಿದವರಲ್ಲ."
ಅಪ್ಪ ಅದನ್ನೇ ಕಸುಬು ಮಾಡಿಕೊಂಡ.
ಬ್ಯಾಟಿನ ಸದ್ದು ಕಿವಿಗೆ ಬಿದ್ದದ್ದೇ ತಡ, ತಿರುಗಿ ಓಡುವುದು;
ಟಕ್ ಅಂದರೆ ಗೋಡೆಗೆ, ಟಪ್ ಅಂದರೆ ಮುಂದಕ್ಕೆ.
ನೋಡಿ ಓಡುವವನಿಗೆ ಚೆಂಡು ಸಿಕ್ಕದು.

ಹನ್ನೊಂದು ವರ್ಷ ಸಣ್ಣ ಊರುಗಳ ಬೇಸ್‌ಬಾಲ್,
ಬಸ್ಸಿನಲ್ಲೇ ನಿದ್ದೆ, ಒದ್ದೆ ಕಾಲುಚೀಲ.
ಐವತ್ತಮೂರರ ಬೇಸಿಗೆಯಲ್ಲಿ ಹತ್ತೊಂಬತ್ತು ದಿನ ದೊಡ್ಡ ಲೀಗು.
ಹೊಡೆದದ್ದನ್ನು ಜನ ಎಣಿಸಿದರು. ಹಿಡಿದದ್ದು
ಎದುರಾಳಿಯ ಸಾಲಿನಲ್ಲಿ ಸೊನ್ನೆಯಾಗಿ ಕೂತಿತು.

ಆಮೇಲೆ ಸ್ಕ್ರ್ಯಾಂಟನ್ನಿನ ಹಾರ್ಡ್‌ವೇರ್ ಅಂಗಡಿ.
ಗಿರಾಕಿ ಸುತ್ತಿಗೆ ಪರೀಕ್ಷಿಸಲು ಹಲಗೆಗೊಂದು ಏಟು ಹಾಕಿದರೆ
ಮೊಳೆ ತೂಗುತ್ತಿದ್ದ ಅಪ್ಪನ ಎಡಗಾಲು
ತಾನಾಗಿ ಹಿಂದಕ್ಕೆ, ಒಂದು ಹೆಜ್ಜೆ.

ಕೊನೆಯ ಮಾರ್ಚಿನಲ್ಲಿ, ಆಸ್ಪತ್ರೆಯ ಮಂಚದ ಮೇಲೆ,
ನಮ್ಮತ್ತ ಬೆನ್ನು ಮಾಡಿದ.
ಮುಖ ತಿರುಗಿಸಿಕೊಂಡನಲ್ಲ ಎಂದು ಅಮ್ಮ ಅತ್ತಳು.
ನನಗೆ ಗೊತ್ತಿತ್ತು:
ಏನೋ ಸದ್ದು ಕೇಳಿಸಿದೆ.