ಬಕೆಟ್ಟು ಹಿಡಿದವನು

ಜನವರಿ ಹದಿನೇಳು, ಸಂತ ಅಂತೋನಿಯ ದಿನ.
ಇಗರ್ಜಿಯ ಅಂಗಳದಲ್ಲಿ ಮೂರು ಗಂಟೆಗೇ ಸಾಲು.
ಮುಂದೆ ಪಾದ್ರಿ ಕ್ರೆಸೆನ್ಸಿಯೋ, ಕೈಯಲ್ಲಿ ಸೊಪ್ಪಿನ ಕಟ್ಟು;
ಪಕ್ಕದಲ್ಲಿ ಬಾಗಿಕೊಂಡು ನಾನು,
ಕೈಯಲ್ಲಿ ನೀಲಿ ಪ್ಲಾಸ್ಟಿಕ್ ಬಕೆಟ್ಟು.
ಇಪ್ಪತ್ತಾರು ವರ್ಷದಿಂದ ಇದೇ ಕೆಲಸ.
ಪಾದ್ರಿಗಳು ನಾಲ್ವರು ಬದಲಾದರು. ಬಕೆಟ್ಟು ಒಂದೇ ಸಲ.

ಬಾಗಿದವನಿಗೆ ಪ್ರಾಣಿಯ ಮುಖ ಕಾಣುವುದು ಕಮ್ಮಿ.
ಕಾಣುವುದು ಕಾಲು, ಬಾಲ, ನಡುಗುವ ಹೊಟ್ಟೆ.
ನೀರು ಬಿದ್ದೊಡನೆ ನಾಯಿ ಮೈ ಕೊಡವುತ್ತದೆ,
ಆಶೀರ್ವಾದದಲ್ಲಿ ಅರ್ಧ ನನ್ನ ಪ್ಯಾಂಟಿಗೆ.
ಬೆಕ್ಕು ತನ್ನ ಪಾಲನ್ನು ಅಲ್ಲೇ ನೆಕ್ಕಿ ತೆಗೆಯುತ್ತದೆ,
ಯಾರ ಹಂಗೂ ಬೇಡವೆಂಬಂತೆ.
ದೋನ್ಯಾ ಓರ್ತೆನ್ಸಿಯಾಳ ಗಿಣಿ
ಅವಳ ಸತ್ತ ಗಂಡನ ದನಿಯಲ್ಲಿ, ಅವನದೇ ಬೈಗುಳದಲ್ಲಿ
ಪಾದ್ರಿಯ ತಾಯಿಯನ್ನು ನೆನೆಯಿತು.
ಅವಳು ಕಣ್ಣೊರೆಸಿಕೊಂಡಳು: “ಥೇಟ್ ಅವರೇ.”

ಗುಲಾಬಿ ಬಣ್ಣ ಬಳಿದ ಕೋಳಿಮರಿ, ಟೋಪಿ ಹಾಕಿದ ಆಡು,
ಜಾಮಿನ ಬಾಟಲಿಯಲ್ಲಿ ಬಸವನಹುಳು.
ಅದರ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು
ತಂದಿದ್ದಾಳೆ ಪುಟ್ಟ ಓಡಿಲಾ.
ಅವಳ ಅಣ್ಣ ಕವರಿನಲ್ಲಿ ಮೀನು ತಂದ.
ನೀರಲ್ಲೇ ಇರುವುದಕ್ಕೆ ನೀರು ಚಿಮುಕಿಸುವುದು ಹೇಗೆ?
ಪಾದ್ರಿ ಕವರಿನ ಬಾಯಿ ಬಿಚ್ಚಿಸಿ
ಮದ್ದಿನಂತೆ ಲೆಕ್ಕ ಹಾಕಿ ಒಂದು ಹನಿ ಬಿಟ್ಟರು.
ಎಲ್ಲಿ ಕಲೆಯಿತೋ, ಮೀನಿಗೆ ಗೊತ್ತು.

ಒಬ್ಬ ಮುದುಕಿಯ ಕಂಕುಳಲ್ಲಿ ಟರ್ಕಿಕೋಳಿ.
“ಇದರ ಹೆಸರೇನಮ್ಮ?”
“ಹೆಸರಿಟ್ಟರೆ ಭಾನುವಾರ ಕುಯ್ಯೋದು ಹೇಗೆ ಫಾದರ್?”
ಸಾಲಿಗೆ ಸಾಲೇ ನಕ್ಕಿತು.
ಪಾದ್ರಿ ಅದಕ್ಕೆ ಎರಡು ಸಲ ಚಿಮುಕಿಸಿದರು.

ಆಮೇಲೆ ಬಂದವನು ತಿಬೂರ್ಸಿಯೋ, ಇಟ್ಟಿಗೆ ಗೂಡಿನವನು.
ಸಾಲಿಗೆಂದು ಬಂದವನಲ್ಲ; ಹೊರೆ ಇಳಿಸಿ ಮರಳುವ ದಾರಿ
ಈ ಅಂಗಳದ ಅಂಚಲ್ಲೇ ಹಾಯುತ್ತದೆ.
ಹಗ್ಗದ ತುದಿಯಲ್ಲಿ ಅವನ ಹೇಸರಗತ್ತೆ.
ಹೆಸರು ಗೊಲೊಂದ್ರೀನಾ, ಅಂದರೆ ಬಾನಕ್ಕಿ; ಹೊರುವುದು ಇಟ್ಟಿಗೆ.
ರಿಬ್ಬನ್ನಿಲ್ಲ, ಹೂವಿಲ್ಲ, ಕಿವಿಯವರೆಗೆ ಕೆಂಪು ಧೂಳು.
ಬೆನ್ನ ಮೇಲೆ ಜೀನು ತಿಂದ ಹುಣ್ಣು, ಅಂಗೈಯಗಲ,
ಅದಕ್ಕೆ ಅವನೇ ಬಳಿದ ನೇರಳೆ ಮದ್ದು.
ಅಷ್ಟೇ ಅಲಂಕಾರ.

ಅದು ನಿಂತಿತು. ತಿರುಗಿತು.
ಪಾದ್ರಿಯನ್ನು ದಾಟಿ, ಸಂತನ ಪಟವನ್ನು ದಾಟಿ,
ನೇರ ನನ್ನ ಬಳಿ ಬಂದು
ಮೂತಿಯನ್ನು ಬಕೆಟ್ಟಿಗೆ ಇಳಿಸಿ
ಕುಡಿಯತೊಡಗಿತು.

ಮೊದಲು ಯಾರೋ ಕಿಸಕ್ಕೆಂದರು.
ಮತ್ತೆ ಬರೀ ಗಂಟಲಲ್ಲಿ ನೀರಿಳಿಯುವ ಸದ್ದು,
ಗಿಣಿಯೂ ಬಾಯಿ ಮುಚ್ಚುವಷ್ಟು.
ತಿಬೂರ್ಸಿಯೋ ಹಗ್ಗ ಜಗ್ಗಿದ. ಅದು ಕಿವಿ ಮಡಿಸಿತು, ಜಗ್ಗಲಿಲ್ಲ.
“ತಪ್ಪಾಯ್ತು ಫಾದರ್, ಬೆಳಗಿನಿಂದ ಏಳು ಸಲ…”
ಏನು ಏಳು ಸಲ ಎಂದು ಹೇಳಲಿಲ್ಲ.

ಬಕೆಟ್ಟನ್ನು ಹಿಂದಕ್ಕೆಳೆದುಕೊಳ್ಳಬಹುದಿತ್ತು.
ಮಂತ್ರಿಸಿದ ನೀರು; ಚೆಲ್ಲಿದರೂ ಮಣ್ಣಿಗೇ ಚೆಲ್ಲು,
ಚರಂಡಿಗಲ್ಲ, ಎಂದು ಮೊದಲ ದಿನವೇ
ಹೇಳಿಕೊಟ್ಟಿದ್ದರು ಹಳೆಯ ಪಾದ್ರಿ.
ಕುಡಿದುಬಿಟ್ಟರೆ ಏನೆಂದು ಹೇಳಿರಲಿಲ್ಲ.
ಎರಡೂ ಕೈಯಲ್ಲಿ ಹಿಡಿದು ವಾಲಿಸಿದೆ,
ತಳದ್ದೂ ಸಿಗಲೆಂದು.
ಇಷ್ಟು ವರ್ಷದಲ್ಲಿ ಒಂದು ಮುಖ ಇಷ್ಟು ಹತ್ತಿರ:
ರೆಪ್ಪೆಯ ಮೇಲೆ ಇಟ್ಟಿಗೆಪುಡಿ,
ಕಣ್ಣೊಳಗೆ ಡೊಂಕಾದ ಇಗರ್ಜಿ,
ಅದರ ಬಾಗಿಲಲ್ಲಿ ಸಾಸಿವೆಯಷ್ಟು ನಾನು.

ಪಾದ್ರಿ ಸೊಪ್ಪು ಎತ್ತಿದರು, ಇಳಿಸಿದರು.
“ಇನ್ನೂ ಬೇಕಾ ಕೇಳು” ಎಂದರು.
ನನಗೋ, ತಿಬೂರ್ಸಿಯೋಗೋ, ಅದಕ್ಕೇಯೋ.

ತಳದಲ್ಲಿ ಉಳಿದದ್ದು ಬೊಗಸೆಯಷ್ಟು:
ಜೊಲ್ಲು, ಒಂದು ಹುಲ್ಲುಕಡ್ಡಿ, ಕೆಂಪು ಬಗ್ಗಡ.
ನಲ್ಲಿ ಅಂಗಳದಾಚೆ, ಸಾಲು ಇನ್ನೂ ಉದ್ದ.
ಪಾದ್ರಿ ಅದರಲ್ಲೇ ಅದ್ದಿ “ಮುಂದೆ ಯಾರು?” ಎಂದರು.
ಮುಂದೆ ಬ್ಯಾಂಕ್ ಮ್ಯಾನೇಜರನ ಹೆಂಡತಿ,
ತೋಳಲ್ಲಿ ಲೇಸಿನ ಫ್ರಾಕು ತೊಟ್ಟ ಬಿಳಿ ನಾಯಿಮರಿ.
ಅದರ ಹಣೆಗೆ ಬಿದ್ದದ್ದು ಕೆಂಪು ಹನಿ.
ಆಕೆ ಕರವಸ್ತ್ರ ತೆಗೆದಳು, ಯಾಕೋ ಮತ್ತೆ ಒಳಗಿಟ್ಟಳು.

ಆಗಲೇ ಗೊಲೊಂದ್ರೀನಾ ಬೀದಿಯ ತಿರುವಿನಲ್ಲಿ,
ಗಲ್ಲದಿಂದ ನೀರು ತೊಟ್ಟಿಕ್ಕುತ್ತ,
ಎಂಟನೆಯದಕ್ಕೆ.