ಸಾಧನ ಸಿಗಲಿಲ್ಲ

ವಿರ್ತ್ಸು ಬಂದರಿನಲ್ಲಿ ಸೊನ್ನೆಗೆ ಹದಿನೇಳು ಕೆಳಗೆ.
ಹೆಲ್ದುರ್ ಕಬ್ಬಿಣದ ಏಣಿ ಇಳಿಯುತ್ತಾನೆ,
ಹಲ್ಲಲ್ಲಿ ಟಾರ್ಚು, ಜೇಬಲ್ಲಿ ಹೊಸ ಸೆನ್ಸರು,
ನೀರಿನ ಮಟ್ಟ ಅಳೆಯುವ ಹಿಡಿಯಷ್ಟು ಉಕ್ಕು.
ಈ ಚಳಿಗಾಲಕ್ಕೆ ಇದು ನಾಲ್ಕನೆಯದು.
ಮೇಲೆ ಶೆಡ್ಡಿನ ಪರದೆ ಅದೇ ಪಾಠ ಒಪ್ಪಿಸುತ್ತದೆ:
ಸಾಧನ ಸಿಗಲಿಲ್ಲ.
ಬಿಚ್ಚಿ ತಂದದ್ದಕ್ಕೆ ಬಿಳಿ ಟೇಪು ಸುತ್ತಿ
'ಸತ್ತಿದೆ' ಎಂದು ಬರೆದು ಡ್ರಾಯರಿಗೆ ಹಾಕುತ್ತಾನೆ.
ಓದಿದ್ದನ್ನು ನಂಬುವ ಮನುಷ್ಯ.

ತಾರ್ತುವಿನಲ್ಲಿ ನಾನು ಅಂಥದೇ ಒಂದನ್ನು
ಫ್ರೀಜರಿನಲ್ಲಿ, ಲಿಂಗನ್‌ಬೆರಿ ಡಬ್ಬಿಗಳ ನಡುವೆ
ರಾತ್ರಿಯಿಡೀ ಮಲಗಿಸಿದೆ. ಚಳಿಯ ಮೇಲೇ ನನ್ನ ಗುಮಾನಿ.
ಬೆಳಿಗ್ಗೆ ಕೇಳಿದರೆ ಚೆನ್ನಾಗಿಯೇ ಮಾತಾಡಿತು.
ಆಮೇಲೆ, ಬೇಸರಕ್ಕೆ, ಕರೆಂಟಿನ ಗುಂಡಿಯನ್ನು
ಕೂದಲೆಳೆಯಷ್ಟು ತಿರುಗಿಸಿದೆ.
ಆಗಲೂ ಉತ್ತರ ಬಂತು, ತಂತಿಯಲ್ಲಿ, ಮೆಲ್ಲಗೆ:
ಇದ್ದೇನೆ. ಶಕ್ತಿ ಸಾಲುತ್ತಿಲ್ಲ.
ನಡುವೆ ನಿಂತ ಡ್ರೈವರು ಮಾತ್ರ,
ಸಾಲ ಕೇಳಲು ಬಂದವರ ಮುಂದೆ
ಅಪ್ಪ ಬಾಗಿಲಿಗೆ ಕಳಿಸಿದ ಹುಡುಗನ ಹಾಗೆ,
ಒಂದೇ ಉಸಿರಿಗೆ: ಇಲ್ಲ, ಮನೇಲಿಲ್ಲ.

ಹಸಿವಾದರೂ ಇಲ್ಲ, ನಿದ್ದೆ ಬಂದರೂ ಇಲ್ಲ,
ಸೊನ್ನೆಗಿಂತ ಕೆಳಗೆ ಏನು ಬಂದರೂ ಅದೇ ಇಲ್ಲ.
ಯಾವ ಪುಣ್ಯಾತ್ಮ ಬರೆದನೋ ಎಂದು
ಸಾಲಿನ ಜಾತಕ ತೆಗೆಸಿದೆ.
ಒಂಬತ್ತು ವರ್ಷದ ಹಿಂದೆ, ಶುಕ್ರವಾರ, ಸಂಜೆ ಐದೂವರೆ,
ವೈಕೆ ತೂಮ್‌ಸಾಲು.
ನಾನೇ.
ಕೈ ತಾನಾಗಿ ಹೆಗಲಿಗೆ ಹೋಯಿತು,
ಕುಂಬಳಕಾಯಿ ಅಲ್ಲೇ ಇತ್ತು.

ಒಂದು ಸಾಲು ಅಳಿಸಿ ಮೂರು ಬರೆದೆ:
ಸಾಧನ ಇದೆ, ವಿದ್ಯುತ್ತು ಕಡಿಮೆ,
ಇಷ್ಟು ಬೇಕು, ಇಷ್ಟೇ ಬರುತ್ತಿದೆ.
ಕೊನೆಗೆ 'ಕ್ಷಮಿಸಿ' ಎಂದು ಸೇರಿಸಿ, ತೆಗೆದೆ.
ಅದು ಯಂತ್ರ ಕೇಳಬೇಕಾದ್ದಲ್ಲ.
ಇಷ್ಟರಿಂದ ಸಮುದ್ರದ ಒಂದು ಗೇಣನ್ನೂ ಅಳೆದಂತಾಗಲಿಲ್ಲ,
ಗೊತ್ತು.
ಕೆಟ್ಟದ್ದು ಕೆಟ್ಟೇ ಇದೆ. ಬೆರಳು ಮಾತ್ರ
ಬೇರೆ ಕಡೆ ತಿರುಗಿದೆ.

ಗುರುವಾರ ಹೆಲ್ದುರ್ ಫೋನು ಮಾಡಿದ.
ಏಣಿ ಇಳಿಯಲಿಲ್ಲವಂತೆ.
ಶೆಡ್ಡಿನ ಹಿಂದೆ ಫ್ಯೂಸಿನ ಪೆಟ್ಟಿಗೆ,
ಒಂದು ಸ್ಕ್ರೂ ಮೇಲೆ ಹಸಿರು ಕಿಲುಬು,
ಮೀನಿನ ಚಾಕುವಿನಿಂದ ಕೆರೆದೆ ಎಂದ. ಹತ್ತು ನಿಮಿಷ.
ಆ ಸಾಲು ಬರೆದವಳು ನಾನು ಎಂದೆ.
ಆ ಕಡೆ ಗಾಳಿ, ದೋಣಿಯ ಸೀಟಿ.
ಬಹಳ ಹೊತ್ತಿನ ಮೇಲೆ:
"ಡ್ರಾಯರಿನಲ್ಲಿ ನಾಲ್ಕಿವೆ.
ಟೇಪು ಕಿತ್ತರೆ ಅಂಟು ಉಳಿಯುತ್ತಲ್ಲ."
ಸ್ಪಿರಿಟ್ಟಿನಲ್ಲಿ ಒರೆಸಿ ನೋಡು ಎಂದೆ.