ಆರು ಸೆಕೆಂಡು

ಪೀಣ್ಯ ಎರಡನೇ ಹಂತ, ಗಾರ್ಮೆಂಟ್ಸಿನ ಮೂರನೇ ಮಹಡಿ.
ವಿಚಾರಣೆಯ ಕೋಣೆಯಲ್ಲಿ ನನ್ನದು ಬರೆಯುವ ಕೆಲಸ.
ಕೇಳುವವರು ಕೇಳುತ್ತಾರೆ, ಹೇಳುವವರು ಹೇಳುತ್ತಾರೆ,
ನಡುವೆ ಉದುರಿದ್ದನ್ನು ಆಯ್ದು ಹಾಳೆಗೆ ಹಾಕುವವಳು ನಾನು.

ಹೋದ ತಿಂಗಳು ಹ್ಯಾಂಬರ್ಗಿನಿಂದ ಒಬ್ಬರು ಬಂದಿದ್ದರು.
ಮೂರು ದಿನದ ತರಬೇತಿ, ಎರಡು ಹೊತ್ತು ಬಿಸ್ಕತ್ತು.
ಸುಳ್ಳಿಗೆ ಒಂಬತ್ತು ಗುರುತು ಅಂದರು:
ನೆಲ ನೋಡುವುದು, ಮೂಗು ಮುಟ್ಟುವುದು,
ಕೇಳಿದ ಪ್ರಶ್ನೆಯನ್ನೇ ತಿರುಗಿ ಕೇಳುವುದು,
ನಾಲ್ಕು ಸೆಕೆಂಡು ದಾಟಿದ ಮೌನ.
ಮೇನೇಜರ್ ಬೆಳ್ಳಿಯಪ್ಪನವರು ಅದನ್ನು ಲ್ಯಾಮಿನೇಟ್ ಮಾಡಿಸಿ
ಆಯುಧಪೂಜೆಯ ಕುಂಕುಮ ಇನ್ನೂ ಹೋಗದ ಬೀರುವಿಗೆ ಅಂಟಿಸಿದರು.

ಗೇಟಿನಲ್ಲಿ ಮುನಿಚೌಡಪ್ಪ ಕೂತಿದ್ದಾನೆ,
ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ.
ಊಟ ಆಯ್ತಾ ಅಂತ ಕೇಳಿ ನೋಡಿ.
'ಆಯ್ತು ತಾಯಿ, ನಿಮ್ದು?'
ಕಣ್ಣಲ್ಲಿ ಕಣ್ಣಿಟ್ಟು, ನಗುತ್ತ, ಒಂದು ಚೂರೂ ತಡೆಯದೆ.
ಒಂಬತ್ತರಲ್ಲಿ ಒಂದೂ ಅವನಿಗೆ ಹತ್ತುವುದಿಲ್ಲ.

ಇವತ್ತಿನ ಹುಡುಗಿ ಸುಕ್ರಿ ಗದಬಾ.
ಕೋರಾಪುಟ್ ಕಡೆಯವಳು, ಕಾಲರ್ ಲೈನು, ಏಳು ತಿಂಗಳು.
ಕಾಣೆಯಾದದ್ದು ಹನ್ನೆರಡು ಜಾಕೆಟ್ಟು.
ಮನೆಯ ಮಾತನ್ನು ಅವಳು ಒಳಗೇ ಒಡಿಯಾ ಮಾಡಿಕೊಳ್ಳಬೇಕು,
ಅದನ್ನು ಕ್ಯಾಂಟೀನಿನ ಪದ್ಮಲೋಚನ ಹಿಂದಿಗೆ ಹತ್ತಿಸಬೇಕು,
ಬೆಳ್ಳಿಯಪ್ಪನವರು ಇಂಗ್ಲಿಷಿನಲ್ಲಿ ಇಳಿಸಬೇಕು,
ನಾನು ಕನ್ನಡದಲ್ಲಿ ಬರೆಯಬೇಕು.
ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಯಶವಂತಪುರದಲ್ಲಿ ಬದಲಿಸಿ,
ಜಾಲಹಳ್ಳಿ ಕ್ರಾಸಿನಲ್ಲಿ ನೂಕಾಡಿ
ಬಂದಿಳಿಯುವ ಮಾತು ಅದು.
ಬೆವರಿರುತ್ತದೆ. ಚೀಲ ಬಿಟ್ಟು ಬಂದಿರುತ್ತದೆ.

'ಯಾರು ತಗೊಂಡ್ರು, ನೋಡಿದ್ಯಾ?'
ಅವಳು ನೆಲ ನೋಡಿದಳು.
ಗೋಡೆಯ ಗಡಿಯಾರ ನೋಡಿದರು ಬೆಳ್ಳಿಯಪ್ಪ.
ಒಂದು, ಎರಡು,
ಕೆಳಗೆ ಐರನ್ ಸೆಕ್ಷನ್ನಿನ ಉಗಿ ಬುಸ್ಸೆಂದಿತು,
ನಾಲ್ಕು,
ಐದು,
ಆರು.
'ನೋಡಿಲ್ಲ.'
ಆರು ಸೆಕೆಂಡು, ಬರ್ಕೊಳ್ಳಿ ಮೇಡಂ, ಅಂದರು.
ತಡ ಮಾಡಿದ್ದು ಯಾವ ಸ್ಟಾಪಿನಲ್ಲಿ ಅಂತ ಯಾರೂ ಕೇಳಲಿಲ್ಲ.

ಆಮೇಲೆ ನಲ್ಲಿಯ ಹತ್ತಿರ ಅವಳೇ ಅಂದಳು, ಅರ್ಧ ಕೈಸನ್ನೆಯಲ್ಲಿ:
ದೊಡ್ಡವರು ಕೇಳಿದ ಕೂಡಲೇ ಬಾಯಿ ಹಾಕಿದರೆ
ಅಜ್ಜಿ ಹೊಡೆಯುತ್ತಿದ್ದಳಂತೆ.
ಪ್ರಶ್ನೆ ಮೊದಲು ಗಂಟಲಿಳಿದು ಹೊಟ್ಟೆಗೆ ಹೋಗಬೇಕಂತೆ.

ನನಗೆ ಹೊಟ್ಟೆಯಲ್ಲಿ ಬೇರೆಯದೇ ಇತ್ತು.
ಹನ್ನೊಂದು ವರ್ಷದ ಹಿಂದೆ ಇದೇ ಕೋಣೆ, ಬೇರೆ ಕುರ್ಚಿ.
ಮದುವೆಯಾದವರು ಬೇಡ, ಬಸುರಿ ಅಂತ ಬಿಟ್ಟು ಹೋಗ್ತಾರೆ
ಅನ್ನುತ್ತಿದ್ದ ಕಾಲ.
ಎಂಟನೇ ಮೈಲಿಯ ಬಸ್‌ಸ್ಟಾಪಿನಲ್ಲಿ ಬಗ್ಗಿ
ಕಾಲುಂಗುರ ಕಳಚಿದೆ, ಬರಲಿಲ್ಲ, ಎಂಜಲು ಹಚ್ಚಿ ಕಳಚಿದೆ,
ಡಬ್ಬಿಯ ಚಿತ್ರಾನ್ನದಲ್ಲಿ ಹೂತೆ.
ಮದುವೆ?
ಇಲ್ಲ ಸಾರ್.
ನೆಟ್ಟ ನೋಟ, ನೆಟ್ಟಗಿನ ಬೆನ್ನು, ಮೂಗಿನ ಹತ್ತಿರ ಕೈ ಸುಳಿಯಲಿಲ್ಲ.
ನನ್ನ ಫೈಲಿನಲ್ಲಿ ಈಗಲೂ ಇದೆ, ಹಸಿರು ಇಂಕು: ಆತ್ಮವಿಶ್ವಾಸವಿದೆ.
ಶೂ ಒಳಗಿನ ಬೆರಳ ಬಿಳಿ ಗೆರೆಯನ್ನು ಯಾರು ನೋಡುತ್ತಾರೆ?
ಸಂಜೆ ತೊಳೆದಾಗ ಬೆಳ್ಳಿಗೆ ಅರಿಶಿನ ಹತ್ತಿತ್ತು,
ಮತ್ತೆ ಧಾರೆಯೆರೆದ ಹಾಗೆ.

ಸುಕ್ರಿ ನೋಡಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ.
ಅವಳೇ ತೆಗೆದಿರಲೂಬಹುದು.
ಹಾಳೆಯಲ್ಲಿ ಬರೆದೆ: ಪ್ರಶ್ನೆ. ಉತ್ತರ: ನೋಡಿಲ್ಲ.
ನಡುವಿನ ಆರನ್ನು ಬರೆಯಲಿಲ್ಲ.
ಬೆಳ್ಳಿಯಪ್ಪನವರು ಓದಿ ಸಹಿ ಹಾಕುವಷ್ಟು ಹೊತ್ತು
ನಾನು ಅವರ ಕಣ್ಣನ್ನೇ ನೋಡುತ್ತಿದ್ದೆ.

ಐದೂವರೆಗೆ ಅವಳು ಬಾಗಿಲಲ್ಲಿ ನಿಂತಳು,
ಹೆಗಲಿಗೆ ಬ್ಯಾಗು, ಕೈಯಲ್ಲಿ ಇನ್ನೊಂದು.
'ಬರ್ತೀನಿ ಅಕ್ಕ.'
ಏಳು ತಿಂಗಳಲ್ಲಿ ಕಲಿತ ಕನ್ನಡ, ಎಷ್ಟು ಸರಿಯಾಗಿ!
ಬೀರುವಿನ ಮೇಲಿನ ಹಾಳೆಯನ್ನು ಮೇಲಿಂದ ಕೆಳಗೆ ಓದಿದೆ.
ಬರ್ತೀನಿ ಅಂತ ಹೇಳಿ ಹೋಗುವವರ ಬಗ್ಗೆ
ಅದರಲ್ಲಿ ಏನೂ ಇರಲಿಲ್ಲ.